ಬದಲಾದ ವೃತ್ತಿ, ಬದಲಾಗದ ಲೆಕ್ಕ

ಬೆಂಗಳೂರಿನಲ್ಲಿ ಐಟಿಐ (1948), ಎಚ್‌ಎಂಟಿ (1953), ಬಿಇಎಲ್ (1954) ತಲೆಯೆತ್ತಿದಾಗ ಅವು ಕೇವಲ ಸಂಬಳ ಕೊಡಲಿಲ್ಲ. ನೌಕರರಿಗಾಗಿ ಬಡಾವಣೆಗಳನ್ನೇ ಕಟ್ಟಿದವು. ದೂರವಾಣಿನಗರವೆಂಬ ಹೆಸರೇ ಟೆಲಿಫೋನ್ ಕಾರ್ಖಾನೆಯ ಕೊಡುಗೆ. ತರಬೇತಿಗೆ ಸೇರಿದ ಹುಡುಗ ಅಲ್ಲಿಯೇ ನಿವೃತ್ತನಾಗುವುದು ವಾಡಿಕೆಯಾಗಿತ್ತು. ಎಚ್‌ಎಂಟಿಯ ಕೈಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ನೀಡುವ ವೇಳೆಗೆ ಆ ವಾಡಿಕೆ ಎಂದೋ ಸಡಿಲಗೊಂಡಿತ್ತು. ಇಂದಿನ ಸಾಫ್ಟ್‌ವೇರ್ ಉದ್ಯೋಗಿ ಎರಡು-ಮೂರು ವರ್ಷಕ್ಕೊಮ್ಮೆ ಕಂಪನಿ ಬದಲಿಸಿದರೆ ಯಾರೂ ಹುಬ್ಬೇರಿಸುವುದಿಲ್ಲ. ಇದನ್ನು ನಿಷ್ಠೆಯ ಕೊರತೆಯೆಂದು ಹಿರಿಯರು ಗೊಣಗುವುದುಂಟು. ಆದರೆ ಉದ್ಯೋಗಿಯನ್ನು ಕೈಬಿಡಲು ಹಿಂಜರಿಯದ ಕಂಪನಿ ಅವನಿಂದ ನಿಷ್ಠೆಯನ್ನು ಯಾವ ಬಾಯಲ್ಲಿ ಕೇಳೀತು?

ಬದಲಾಗದಿರುವುದು ಕಾನೂನಿನ ಲೆಕ್ಕ. ಗ್ರಾಚ್ಯುಟಿ ಬೇಕಿದ್ದರೆ ಒಂದೇ ಸಂಸ್ಥೆಯಲ್ಲಿ ಐದು ವರ್ಷ ನಿರಂತರ ಸೇವೆ ಸಲ್ಲಿಸಿರಬೇಕೆಂದು 1972ರ ಕಾಯ್ದೆ ವಿಧಿಸಿತು. ವರ್ಷಕ್ಕೆ ಹದಿನೈದು ದಿನಗಳ ವೇತನ. ತಿಂಗಳಿಗೆ 26 ದಿನವೆಂದು ಲೆಕ್ಕ. ಒಂದೇ ಕಡೆ ಹನ್ನೆರಡು ವರ್ಷ ದುಡಿದವನಿಗೆ ಸುಮಾರು ಏಳು ತಿಂಗಳ ವೇತನ ಸಿಗುತ್ತದೆ. ಅದೇ ಹನ್ನೆರಡು ವರ್ಷಗಳನ್ನು ನಾಲ್ಕು ಕಂಪನಿಗಳಲ್ಲಿ ಸಮನಾಗಿ ಕಳೆದವನಿಗೆ ಒಂದು ರೂಪಾಯಿಯೂ ಇಲ್ಲ.

2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯು ನಿಗದಿತ ಅವಧಿಗೆ ನೇಮಕಗೊಂಡವರಿಗೆ ಈ ಷರತ್ತನ್ನು ಸಡಿಲಿಸಿದೆ. ಅವರು ಒಂದು ವರ್ಷ ದುಡಿದರೂ ಅರ್ಹರು. ಪತ್ರಕರ್ತರಿಗೆ ಮೂರು ವರ್ಷ ಸಾಕು. ಉಳಿದ ಕಾಯಂ ನೌಕರರಿಗೆ ಐದು ವರ್ಷಗಳ ಹೊಸ್ತಿಲು ಹಾಗೆಯೇ ಇದೆ. ಹೆಸರಿಗೆ 'ಕಾಯಂ' ಆದವನೇ ಬರಿಗೈಯಲ್ಲಿ ಹೊರಡಬೇಕಾದ ವಿಪರ್ಯಾಸ!

ಭವಿಷ್ಯನಿಧಿಗೆ ಈ ತೊಡಕಿಲ್ಲ. 2014ರಲ್ಲಿ ಬಂದ ಯುಎಎನ್ ಸಂಖ್ಯೆ ಕಂಪನಿ ಬದಲಾದರೂ ಉದ್ಯೋಗಿಯ ಜತೆಗೇ ಸಾಗುತ್ತದೆ. ಆಹಾರ ತಲುಪಿಸುವ, ಕ್ಯಾಬ್ ಓಡಿಸುವ ಯುವಕರಂತೂ ಕಂಪನಿಗಳ ಪಾಲಿಗೆ ನೌಕರರೇ ಅಲ್ಲ, 'ಪಾಲುದಾರರು'. ಅಂಥವರಿಗಾಗಿ ಕರ್ನಾಟಕ 2025ರಲ್ಲಿ ತಂದ ಕಾಯ್ದೆಯು, ಕಾರ್ಮಿಕನಿಗೆ ಸಲ್ಲುವ ಮೊತ್ತದ ಶೇ 1ರಿಂದ 5ರಷ್ಟನ್ನು ಕಲ್ಯಾಣ ಶುಲ್ಕವಾಗಿ ಕಂಪನಿಗಳಿಂದಲೇ ವಸೂಲಿ ಮಾಡಲು ಅವಕಾಶ ಕಲ್ಪಿಸಿದೆ; ಯಾವ ಆ್ಯಪ್‌ಗೆ ದುಡಿದರೂ ಅವನ ಗುರುತಿನ ಸಂಖ್ಯೆ ಒಂದೇ. ದಿನಗೂಲಿಯಂತೆ ದುಡಿಯುವವರಿಗೆ ಒಪ್ಪಿದ ಈ ತರ್ಕ ಗ್ರಾಚ್ಯುಟಿಗೆ ಏಕೆ ಒಪ್ಪದು?

ಉದ್ಯಮಗಳಿಗೂ ಇದು ತೀರಾ ಹೊಸ ಹೊರೆಯಲ್ಲ. ಅನೇಕ ಕಂಪನಿಗಳು ನೇಮಕಾತಿ ಪತ್ರದಲ್ಲಿ ಕಾಣಿಸುವ 'ಸಿಟಿಸಿ'ಗೆ ಗ್ರಾಚ್ಯುಟಿಯನ್ನೂ ಸೇರಿಸಿಯೇ ಮೊತ್ತವನ್ನು ಹಿಗ್ಗಿಸುತ್ತವೆ. ಮೂರನೇ ವರ್ಷ ರಾಜೀನಾಮೆ ಕೊಟ್ಟಾಗ ಆ ಪಾಲು ಕಂಪನಿಯಲ್ಲೇ ಉಳಿಯುತ್ತದೆ.