ಜೇಬಿನಲ್ಲಿ ಬೆಂಕಿ: ಇ-ಸಿಗರೇಟಿನ ಬ್ಯಾಟರಿಯನ್ನು ಅರಿಯಿರಿ

‘ಮಗನ ಬ್ಯಾಗಿನಲ್ಲಿ ಲೋಹದ ಕೊಳವೆಯೊಂದು ಸಿಕ್ಕಿದೆ. ಟಾರ್ಚೂ ಅಲ್ಲ, ಪೆನ್ನೂ ಅಲ್ಲ. ಇದೇನು ಡಾಕ್ಟರೇ?’ ಪಾಲಕರಿಂದ ಇಂಥ ಪ್ರಶ್ನೆ ಬಂದರೆ ಇಂದು ಆಶ್ಚರ್ಯಪಡಬೇಕಾಗಿಲ್ಲ. ಅದು ಇ-ಸಿಗರೇಟು ಇರಬಹುದು. ಕರ್ನಾಟಕ ಸರ್ಕಾರ ಇದನ್ನು 2016ರಲ್ಲೇ ನಿಷೇಧಿಸಿತು. 2019ರ ಕೇಂದ್ರ ಕಾಯ್ದೆಯ ಪ್ರಕಾರ ಇದರ ತಯಾರಿಕೆ, ಆಮದು, ಸಾಗಾಟ, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲವೂ ಅಪರಾಧ. ಆದರೂ ಕಳ್ಳದಾರಿಯಿಂದ ದೊಡ್ಡ ನಗರಗಳಲ್ಲಿ ಸಿಗುತ್ತದೆ. ಓದಲು ಹೈದರಾಬಾದಿಗೋ ಪುಣೆಗೋ ಹೋದ ಹುಡುಗರ ಜೇಬಿನಲ್ಲಿ ಅದು ಬೀದರ್, ಭಾಲ್ಕಿ, ಔರಾದಿನ ಮನೆಗಳಿಗೂ ಬರಬಹುದು.

ಇದರಲ್ಲಿರುವ ನಿಕೋಟಿನ್ ಚಟ ಹಿಡಿಸುತ್ತದೆ ಎಂಬುದು ಹಲವರಿಗೆ ಗೊತ್ತು. ಗೊತ್ತಿಲ್ಲದ ಅಪಾಯ ಅದರ ಬ್ಯಾಟರಿಯಲ್ಲಿದೆ.

ಒಳಗೆ ಏನಿರುತ್ತದೆ?

ಒಂದು ಲಿಥಿಯಂ ಬ್ಯಾಟರಿ, ಒಂದು ತಂತಿಯ ಸುರುಳಿ, ಅದರ ನಡುವೆ ದ್ರಾವಣದಲ್ಲಿ ನೆನೆದ ಹತ್ತಿ. ಗುಂಡಿ ಒತ್ತಿದರೆ ಸುರುಳಿ ಕಾದು ದ್ರಾವಣ ಆವಿಯಾಗುತ್ತದೆ. ಹೆಚ್ಚಿನ ಸಾಧನಗಳಲ್ಲಿ ವಿದ್ಯುತ್ತನ್ನು ಹತೋಟಿಯಲ್ಲಿಡುವ ಪುಟ್ಟ ಸರ್ಕ್ಯೂಟ್ ಇರುತ್ತದೆ. ‘ಮೆಕ್ಯಾನಿಕಲ್’ ಎಂಬ ಬಗೆಯಲ್ಲಿ ಅದೂ ಇಲ್ಲ. ಬ್ಯಾಟರಿಗೂ ಸುರುಳಿಗೂ ನೇರ ಸಂಬಂಧ. ಫ್ಯೂಸ್ ಇಲ್ಲದ ಮನೆಯ ವೈರಿಂಗ್ ಇದ್ದಂತೆ.

ವೋಲ್ಟೇಜ್ ಎಂದರೇನು?

ಮನೆಯ ಮೇಲಿನ ನೀರಿನ ಟ್ಯಾಂಕನ್ನು ನೆನೆಯಿರಿ. ಟ್ಯಾಂಕ್ ಎತ್ತರವಿದ್ದಷ್ಟೂ ನೀರಿನ ಒತ್ತಡ ಹೆಚ್ಚು. ವಿದ್ಯುತ್ತಿನಲ್ಲಿ ಆ ಒತ್ತಡವೇ ವೋಲ್ಟೇಜ್. ಕೊಳವೆ ಸಣ್ಣದಿದ್ದರೆ ನೀರಿಗೆ ತಡೆ ಹೆಚ್ಚು. ಆ ತಡೆಯನ್ನು ಓಮ್‌ಗಳಲ್ಲಿ ಅಳೆಯುತ್ತಾರೆ. ಹರಿಯುವ ನೀರು ಎಂದರೆ ಕರೆಂಟ್. ಅದರ ಅಳತೆ ಆಂಪಿಯರ್. ವೋಲ್ಟೇಜನ್ನು ತಡೆಯಿಂದ ಭಾಗಿಸಿದರೆ ಕರೆಂಟ್ ಎಷ್ಟೆಂದು ತಿಳಿಯುತ್ತದೆ.

ಟಾರ್ಚಿನ ಸಾಮಾನ್ಯ ಶೆಲ್ 1.5 ವೋಲ್ಟ್. ಇ-ಸಿಗರೇಟಿನ ಲಿಥಿಯಂ ಶೆಲ್ ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್. ‘ನಾಲ್ಕೇ ವೋಲ್ಟ್ ತಾನೇ, ಶಾಕ್ ಹೊಡೆಯುವುದಿಲ್ಲ’ ಎಂದು ಹುಡುಗರು ನಗಬಹುದು. ಶಾಕ್ ಹೊಡೆಯುವುದಿಲ್ಲ, ನಿಜ. ಅಪಾಯ ಇರುವುದು ಕರೆಂಟಿನಲ್ಲಿ. ಸುರುಳಿಯ ತಡೆ 1 ಓಮ್ ಇದ್ದರೆ ಹರಿಯುವುದು 4.2 ಆಂಪಿಯರ್. ಹೆಚ್ಚು ಹೊಗೆ ಬರಲೆಂದು ತಡೆಯನ್ನು 0.1 ಓಮ್‌ಗೆ ಇಳಿಸಿದರೆ 42 ಆಂಪಿಯರ್! ಅಷ್ಟು ಕರೆಂಟನ್ನು ಎಡೆಬಿಡದೆ ಕೊಡುವ ಶಕ್ತಿ ಅಷ್ಟು ಸಣ್ಣ ಶೆಲ್‌ಗೆ ಇರುವುದಿಲ್ಲ. ಅದು ಒಳಗೇ ಕಾಯುತ್ತದೆ; ಆ ಕಾವು ಇನ್ನಷ್ಟು ಕಾವು ಹುಟ್ಟಿಸುತ್ತದೆ. ಅನಿಲ ಹೊರಬರಲು ಕೊಳವೆಯಲ್ಲಿ ದಾರಿಯಿಲ್ಲದಿದ್ದರೆ, ಸೀಟಿ ಕಟ್ಟಿಕೊಂಡ ಕುಕ್ಕರಿನಂತೆ ಸಿಡಿಯುತ್ತದೆ.

ಸಾಧನದಿಂದ ತೆಗೆದ ಬಿಡಿ ಶೆಲ್ಲೂ ಅಪಾಯಕಾರಿಯೇ. ಜೇಬಿನಲ್ಲಿ ಬೀಗದ ಕೈ ಅಥವಾ ನಾಣ್ಯ ತಗುಲಿ ಎರಡು ತುದಿಗಳು ಕೂಡಿದರೆ ಶಾರ್ಟ್ ಸರ್ಕ್ಯೂಟ್ ಆಗಿ ಬೆಂಕಿ ಹತ್ತುತ್ತದೆ. ಮೇಲಿನ ಪ್ಲಾಸ್ಟಿಕ್ ಹೊದಿಕೆ ಹರಿದಿದ್ದರಂತೂ ಕೇಳುವುದೇ ಬೇಡ.

ಆಗಿರುವ ಅನಾಹುತ

ಅಮೆರಿಕದ ಸಿಯಾಟಲ್ ನಗರದ ಹಾರ್ಬರ್‌ವ್ಯೂ ಆಸ್ಪತ್ರೆಯಲ್ಲಿ 2015ರ ಅಕ್ಟೋಬರ್‌ನಿಂದ 2016ರ ಜೂನ್‌ವರೆಗೆ ಇಂಥ 15 ಗಾಯಾಳುಗಳು ಚಿಕಿತ್ಸೆ ಪಡೆದರು. ಅರ್ಧಕ್ಕಿಂತ ಹೆಚ್ಚು ಜನರಿಗೆ ಸುಟ್ಟದ್ದು ತೊಡೆ, ತೊಡೆಸಂದು. ಜೇಬು ಇರುವ ಜಾಗವೇ ಅದು. 2018ರಲ್ಲಿ ಫ್ಲಾರಿಡಾದಲ್ಲಿ, 2019ರಲ್ಲಿ ಟೆಕ್ಸಾಸಿನಲ್ಲಿ ಸಾಧನ ಸಿಡಿದು ಒಬ್ಬೊಬ್ಬರು ಪ್ರಾಣವನ್ನೇ ಕಳೆದುಕೊಂಡರು.

ಸುಟ್ಟರೆ ಏನು ಮಾಡಬೇಕು?

* ಬೆಂಕಿಯನ್ನು ಆರಿಸಿ, ಬಿಸಿಯಾದ ಬಟ್ಟೆಯನ್ನು ತಕ್ಷಣ ತೆಗೆಯಿರಿ. ಚರ್ಮಕ್ಕೆ ಅಂಟಿದ್ದರೆ ಎಳೆಯಬೇಡಿ.
* ಸುಟ್ಟ ಭಾಗದ ಮೇಲೆ 20 ನಿಮಿಷ ತಣ್ಣನೆಯ ನೀರು ಹರಿಯಲಿ. ಮಂಜುಗಡ್ಡೆ ಬೇಡ. ಕಣ್ಣಿಗೆ ಸಿಡಿದಿದ್ದರೆ ಕಣ್ಣನ್ನೂ ತೊಳೆಯುತ್ತಿರಿ.
* ಟೂತ್‌ಪೇಸ್ಟ್, ಶಾಯಿ, ಅರಿಶಿನ, ಎಣ್ಣೆ ಏನನ್ನೂ ಹಚ್ಚಬೇಡಿ. ಬೊಬ್ಬೆ ಒಡೆಯಬೇಡಿ. ಸ್ವಚ್ಛ ಬಟ್ಟೆ ಹೊದಿಸಿ 108ಕ್ಕೆ ಕರೆ ಮಾಡಿ.
* ‘ಬ್ಯಾಟರಿಯಿಂದ ಸುಟ್ಟಿದೆ’ ಎಂದು ವೈದ್ಯರಿಗೆ ಮುಚ್ಚುಮರೆಯಿಲ್ಲದೆ ಹೇಳಿ. ಶೆಲ್ಲಿನ ರಾಸಾಯನಿಕದಿಂದ ಹೈಡ್ರೋಫ್ಲೋರಿಕ್ ಆಮ್ಲ ಹುಟ್ಟಬಹುದು. ಮೇಲೆ ಸಣ್ಣ ಗಾಯದಂತೆ ಕಂಡರೂ ಅದು ಆಳಕ್ಕೆ ಇಳಿಯುತ್ತದೆ. ಅದರ ಚಿಕಿತ್ಸೆಯೇ ಬೇರೆ.

ಬೈಗುಳದ ಭಯದಿಂದ ಹುಡುಗರು ಸುಟ್ಟ ಗಾಯವನ್ನು ಬಚ್ಚಿಡುವುದುಂಟು. ಹಾಗೆ ಕಳೆದ ಒಂದೊಂದು ಗಂಟೆಯೂ ಕೇಡು. ಮೊದಲು ಚಿಕಿತ್ಸೆ, ಬುದ್ಧಿವಾದ ಆಮೇಲೆ.

ಎಲ್ಲ ಮನೆಗೂ ಅನ್ವಯ

ನಿಮ್ಮ ಮನೆಯಲ್ಲಿ ಇ-ಸಿಗರೇಟು ಇಲ್ಲದಿರಬಹುದು. ಆದರೆ ಪವರ್ ಬ್ಯಾಂಕ್, ಚಾರ್ಜಿಂಗ್ ಟಾರ್ಚ್, ಮೊಬೈಲಿನಲ್ಲಿ ಇರುವುದೂ ಲಿಥಿಯಂ ಬ್ಯಾಟರಿಯೇ. ನಮ್ಮ ಕಡೆ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಅವನ್ನು ಬಿಸಿಲಿನಲ್ಲಿ, ಮುಚ್ಚಿದ ಕಾರಿನಲ್ಲಿ ಬಿಡಬೇಡಿ. ದಿಂಬಿನ ಕೆಳಗಿಟ್ಟು ಚಾರ್ಜ್ ಮಾಡಬೇಡಿ. ಉಬ್ಬಿದ ಬ್ಯಾಟರಿಯನ್ನು ಚುಚ್ಚಬೇಡಿ, ಒಲೆಗೆ ಎಸೆಯಬೇಡಿ.

ಇ-ಸಿಗರೇಟಿಗೆ ‘ಸುರಕ್ಷಿತ ವೋಲ್ಟೇಜ್’ ಯಾವುದು ಎಂದು ಮಗ ಕೇಳಿದರೆ ಉತ್ತರ ಸರಳ: ಸೊನ್ನೆ. ಬ್ಯಾಟರಿ ಸಿಡಿಯದಿದ್ದರೂ ನಿಕೋಟಿನ್ ಬಿಡುವುದಿಲ್ಲ. ಚಟ ಬಿಡಲು ನೆರವು ಬೇಕಿದ್ದರೆ ತಂಬಾಕು ತ್ಯಜಿಸುವವರಿಗಾಗಿ ಇರುವ 1800-112-356 ಎಂಬ ಶುಲ್ಕರಹಿತ ದೂರವಾಣಿಗೆ ಕರೆ ಮಾಡಬಹುದು, ಇಲ್ಲವೇ ನಿಮ್ಮ ವೈದ್ಯರನ್ನು ಕಾಣಬಹುದು.