ಮೂರು ವರ್ಷದ ಕೂಸಿನ ಕೈಗೆ ನಾಲ್ಕು ಗೆರೆಯ ಕಾಪಿ!

ರಾಯಚೂರು: ಬೇಸಿಗೆ ಮುಗಿದು ಮೊದಲ ಮಳೆ ಬೀಳುವ ಹೊತ್ತಿಗೆ ಜಿಲ್ಲೆಯಲ್ಲಿ ಹತ್ತಿ ಬೀಜದಷ್ಟೇ ಜೋರಾಗಿ ವ್ಯಾಪಾರವಾಗುವ ಇನ್ನೊಂದು ಮಾಲಿದೆ. ಅದು ಇಂಗ್ಲಿಷ್. ರಾಯಚೂರಿನ ಸ್ಟೇಷನ್ ರಸ್ತೆಯಿಂದ ಹಿಡಿದು ಮಾನ್ವಿ, ದೇವದುರ್ಗದ ಬಸ್ ಸ್ಟ್ಯಾಂಡಿನ ತನಕ 'ನರ್ಸರಿ, ಎಲ್‌ಕೆಜಿ, ಯುಕೆಜಿ ಪ್ರವೇಶ ಆರಂಭ' ಎಂಬ ಬೋರ್ಡುಗಳು. ಪಾಲಕರು ಕೇಳುವುದೂ ಒಂದೇ ಮಾತು: "ಹುಡುಗಗ ಇಂಗ್ಲಿಷ್ ಯಾವಾಗ ಬರ್ತದ್ರಿ ಸರ?"

ಇದಕ್ಕೆ ಸಾಮಾನ್ಯವಾಗಿ ಬಾಯಿಂದ ಉತ್ತರ ಬರುವುದಿಲ್ಲ, ಕಾಪಿ ತೋರಿಸುತ್ತಾರೆ. ನಾಲ್ಕು ಗೆರೆಯ ಕಾಪಿ, ಪುಟದ ತುಂಬ ಎ, ಬಿ, ಸಿ, ಡಿ. ಅಪ್ಪ ಖುಷ್. ಫೀಜು ಕಟ್ಟಿ ಮನೆಗೆ ನಡೆದ. ಆ ಕಾಪಿ ತುಂಬಿಸಬೇಕಾದ ಕೂಸಿಗೆ ಇನ್ನೂ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬರುವುದಿಲ್ಲ!

ಲೆಕ್ಕ ತಪ್ಪುವುದು ಇಲ್ಲೇ. ನರ್ಸರಿ, ಎಲ್‌ಕೆಜಿ, ಯುಕೆಜಿ ಎಂಬುವು ಫೀಜಿನ ಮೆಟ್ಟಿಲುಗಳು. ಭಾಷೆಯ ಮೆಟ್ಟಿಲುಗಳೇ ಬೇರೆ. ಮೊದಲು ಕಿವಿ, ಆಮೇಲೆ ಬಾಯಿ, ಆಮೇಲೆ ಕಣ್ಣು, ಕಟ್ಟಕಡೆಗೆ ಕೈ. ಕೇಳಿದ್ದು ತಿಳಿಯಬೇಕು, ತಿಳಿದದ್ದನ್ನು ಆಡಬೇಕು, ಆಡಿದ್ದನ್ನು ಓದಬೇಕು, ಓದಿದ್ದನ್ನು ಬರೆಯಬೇಕು. ಕೈಯಿಂದ ಶುರು ಮಾಡಿದವನು ಮಾಳಿಗೆ ಮೊದಲು ಕಟ್ಟಿ ಪಾಯಕ್ಕೆ ಆಮೇಲೆ ಜಾಗ ಹುಡುಕಿದ ಹಾಗೆ.

ಇದನ್ನು ರಾಯಚೂರಿನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ತೀನ್ ಕಂದೀಲ್ ಕಡೆಯ ಯಾವ ಅಂಗಡಿಯಾದರೂ ಸರಿ, ಕಟ್ಟೆ ಹತ್ತಿ ಐದು ನಿಮಿಷ ನಿಂತರೆ ಸಾಕು. ಗಲ್ಲಾದ ಪಕ್ಕ ಕೂತ ಹುಡುಗ ಹಳ್ಳಿ ಗಿರಾಕಿಯ ಜೊತೆ ಕನ್ನಡ ಮಾತಾಡುತ್ತಾನೆ, ಗಡಿಯಾಚೆಯಿಂದ ಬಂದವನಿಗೆ ತೆಲುಗಿನಲ್ಲಿ ರೇಟು ಹೇಳುತ್ತಾನೆ, ಹಮಾಲನನ್ನು ಉರ್ದುವಿನಲ್ಲಿ ಕರೆಯುತ್ತಾನೆ. ತೆಲುಗಿನ ಒಂದಕ್ಷರ ಗೊತ್ತಿಲ್ಲ, ಉರ್ದು ಬಲದಿಂದ ಬರೆಯುತ್ತಾರೋ ಎಡದಿಂದಲೋ ಅದೂ ಗೊತ್ತಿಲ್ಲ. ಕಿವಿ ಕಲಿಯಿತು, ಬಾಯಿ ಹಿಂದೆ ಬಂತು. ಅದೇ ಹುಡುಗ ಶಾಲೆಯಲ್ಲಿ ಆರು ವರ್ಷ ಇಂಗ್ಲಿಷ್ ಬರೆದರೂ "ವಾಟ್ ಈಸ್ ಯುವರ್ ನೇಮ್" ದಾಟಿ ಮುಂದೆ ಹೋಗುವುದಿಲ್ಲ. ತಲೆ ಅದೇ, ಹುಡುಗನೂ ಅವನೇ. ದಾರಿ ಬೇರೆಯಾಯ್ತು, ಅಷ್ಟೆ.

ಇನ್ನೊಂದು ತೊಡಕೂ ಉಂಟು. ಕನ್ನಡದ 'ಕ' ಅಂದರೆ 'ಕ', ಹೆಸರೂ ಅದೇ, ಸದ್ದೂ ಅದೇ. ಇಂಗ್ಲಿಷಿನಲ್ಲಿ ಹಾಗಲ್ಲ. ಅಕ್ಷರದ ಹೆಸರು 'ಸಿ', ಸದ್ದು ಒಮ್ಮೆ 'ಕ', ಒಮ್ಮೆ 'ಸ'. ಸಿ, ಎ, ಟಿ ಕೂಡಿದರೆ 'ಸಿಎಟಿ' ಆಗಬೇಕಿತ್ತಲ್ಲ, 'ಕ್ಯಾಟ್' ಹೇಗಾಯ್ತು? ಕೂಸು ಕೇಳುವುದು ನ್ಯಾಯವೇ. ಅಕ್ಷರ ಇರುವುದು ಬರೀ 26, ಸದ್ದು ನಲವತ್ತರ ಮೇಲೆ. ಅದಕ್ಕೇ ಬಲ್ಲವರು ಅಕ್ಷರದ ಹೆಸರಿಗಿಂತ ಸದ್ದು ಮೊದಲು ಕಲಿಸಿ ಎನ್ನುತ್ತಾರೆ. ಅದಕ್ಕೂ ಮೊದಲು ಹಾಡು, ಆಟ, ಮಾತು.

ಮೆಟ್ಟಿಲು ಲೆಕ್ಕ ಹಾಕಿ ಕಲಿಸುವ ಪದ್ಧತಿ ಸರ್ಕಾರಿ ಶಾಲೆಯಲ್ಲೇ ಇದೆ ಅಂದರೆ ಎಷ್ಟೋ ಪಾಲಕರು ನಂಬುವುದಿಲ್ಲ. ಅದು ನಲಿ-ಕಲಿ. ಆಂಧ್ರದ ರಿಷಿವ್ಯಾಲಿಯ ಮಾದರಿ ನೋಡಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದದ್ದು 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಗೋಡೆಯ ಮೇಲೆ ಕಲಿಕೆಯ ಏಣಿ, ಬುಟ್ಟಿಯಲ್ಲಿ ಚಿತ್ರದ ಕಾರ್ಡು. ತಾನು ಯಾವ ಮೆಟ್ಟಿಲಲ್ಲಿದ್ದೇನೆಂದು ಮಗುವೇ ಏಣಿ ನೋಡಿ ಕಾರ್ಡು ತೆಗೆದುಕೊಳ್ಳುತ್ತದೆ. ದೇವದುರ್ಗದ ಕೂಲಿಯವರ ಮಕ್ಕಳಿಗೆ ಇದರಷ್ಟು ಒಪ್ಪುವುದು ಬೇರೆ ಇಲ್ಲ. ಹತ್ತಿ ಬಿಡಿಸುವ ಕಾಲಕ್ಕೆ, ಇಲ್ಲವೇ ಬೆಂಗಳೂರಿಗೆ ದುಡಿಯಲು ಹೋದ ಅಪ್ಪ ಅವ್ವನ ಹಿಂದೆ ಹೋಗಿ, ತಿಂಗಳು ಬಿಟ್ಟು ಬಂದ ಹುಡುಗಿ ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. "ಪಾಠ ಮುಂದೆ ಹೋಯ್ತು, ನೀ ಹಿಂದೆ ಬಿದ್ದಿ" ಅನ್ನುವ ಮಾತಿಲ್ಲ. ಇಂಗ್ಲಿಷಿಗೂ ನಲಿ-ಕಲಿ ಬಂದಿದೆ.

ಹಾಗಾದರೆ ಸರ್ಕಾರಿ ಶಾಲೆ ಬಿಟ್ಟು ಜನ ಯಾಕೆ ಹೋಗುತ್ತಾರೆ? ಏಣಿ ಚೆನ್ನಾಗಿದೆ, ಹಿಡಿದು ನಿಲ್ಲುವವರು ಕಮ್ಮಿ. ಒಂದರಿಂದ ಮೂರನೇ ತರಗತಿ ತನಕ ಒಂದೇ ಕೋಣೆ, ಒಬ್ಬರೇ ಟೀಚರು. ಅವರಲ್ಲೂ ಅನೇಕರು ತಾವೇ ಐದನೇ ಇಯತ್ತೆಯಲ್ಲಿ ಮೊದಲ ಸಲ ಎಬಿಸಿಡಿ ಕಂಡವರು. ಬಾಯಿಂದ ಬರಬೇಕಾದ ಇಂಗ್ಲಿಷ್ ಕಪ್ಪು ಹಲಗೆಗೆ ಹೋಗಿ ಕೂರುತ್ತದೆ. ಖಾಸಗಿಯಲ್ಲಾದರೂ ಬೇರೆ ಏನು? ಕಡಿಮೆ ಸಂಬಳಕ್ಕೆ ಸೇರಿದ ಹುಡುಗಿ ಟೈ ಕಟ್ಟಿದ ಮಕ್ಕಳ ಮುಂದೆ ಅದೇ ಹಲಗೆ, ಅದೇ ಕಾಪಿ.

ಕಾನೂನಿನ ಕಥೆ ಉದ್ದವಾದದ್ದು. 1994ರ ಸರ್ಕಾರಿ ಆದೇಶ, ನಾಲ್ಕನೇ ತರಗತಿ ತನಕ ಮಾತೃಭಾಷೆ ಇಲ್ಲವೇ ಕನ್ನಡ ಅಂದಿತು. ಖಾಸಗಿ ಶಾಲೆಗಳು ಕೋರ್ಟಿಗೆ ಹೋದವು, 2014ರ ಮೇ 6ರಂದು ಸುಪ್ರೀಂ ಕೋರ್ಟು ಪಾಲಕರ ಆಯ್ಕೆಯ ಪರ ತೀರ್ಪು ಕೊಟ್ಟಿತು. ಅಷ್ಟರೊಳಗೆ, 2007-08ರಿಂದಲೇ, ಸರ್ಕಾರಿ ಶಾಲೆಯ ಒಂದನೇ ತರಗತಿಗೆ ಇಂಗ್ಲಿಷ್ ಒಂದು ವಿಷಯವಾಗಿ ಬಂದಿತ್ತು. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ. ಅದೇ 2019ರಲ್ಲಿ, ಹತ್ತಿರ ಸರ್ಕಾರಿ ಶಾಲೆ ಇದ್ದರೆ ಖಾಸಗಿಯಲ್ಲಿ ಬಡವರಿಗೆ ಸಿಗುತ್ತಿದ್ದ 25 ಪರ್ಸೆಂಟ್ ಪುಕ್ಕಟೆ ಸೀಟು ಬಂದ್. ಹೆಚ್ಚು ಕುತ್ತು ತಂದದ್ದು ಇದೇ. ಗಬ್ಬೂರು ಕಡೆಯ ಕೂಲಿಕಾರ ಈಗ ಪುಕ್ಕಟೆ ಸೀಟಿಗೆ ಅರ್ಜಿ ಹಾಕುವ ಹಾಗಿಲ್ಲ, ಸಾಲ ಮಾಡಿ ಫೀಜು ಕಟ್ಟಬೇಕು. ಎರಡು ವರ್ಷ ಕಟ್ಟಿ, ಮೂರನೇ ವರ್ಷ ಮಳೆ ಕೈಕೊಟ್ಟರೆ ಹುಡುಗ ವಾಪಸು ಊರ ಶಾಲೆಗೆ. ಆಗ ಕನ್ನಡವೂ ಅರ್ಧ, ಇಂಗ್ಲಿಷೂ ಅರ್ಧ. 2011ರ ಜನಗಣತಿಯಲ್ಲಿ ನೂರಕ್ಕೆ ಅರವತ್ತು ಮಂದಿಯೂ ಅಕ್ಷರಸ್ಥರಿಲ್ಲದ ಜಿಲ್ಲೆಯಲ್ಲಿ ಮನೆಯಲ್ಲಿ ಕೂತು ಸರಿಮಾಡುವವರು ಯಾರು?

ಶಾಲೆ ಯಾವುದಾದರೂ ಇರಲಿ, ಕಾಪಿ ಬದಿಗಿಟ್ಟು ಮಗುವನ್ನೇ ನೋಡುವುದು ಪಾಲಕರ ಕೈಲಿದೆ. ಯುಕೆಜಿ ಮುಗಿಸಿದ ಮಗುವಿಗೆ ಕೈಸನ್ನೆ ಮಾಡದೆ "ಬ್ರಿಂಗ್ ದಿ ರೆಡ್ ಬ್ಯಾಗ್" ಅಂತ ಹೇಳಿಸಿ ನೋಡಲಿ. ಹೋಗಿ ಕೆಂಪು ಚೀಲ ತಂದರೆ ಕಿವಿಯ ಮೆಟ್ಟಿಲು ಹತ್ತಿದೆ ಅಂತ ಲೆಕ್ಕ. ಪಿಳಿಪಿಳಿ ನೋಡಿದರೆ ಕಟ್ಟಿದ ಫೀಜು ಕಾಪಿಗೆ ಹೋಗಿದೆ. ಇಂಗ್ಲಿಷ್ ಬಾರದ ಅವ್ವ ಅಪ್ಪನಿಗೂ ಕೆಲಸವಿದೆ: ಕನ್ನಡದಲ್ಲಿ, ತೆಲುಗಿನಲ್ಲಿ, ಉರ್ದುವಿನಲ್ಲಿ ಕಥೆ ಹೇಳುವುದು. ಮನೆ ಮಾತಿನಲ್ಲಿ ಕಥೆ ಹಿಡಿಯಲು ಬಂದ ಮಗುವಿಗೆ ಮುಂದೆ ಇನ್ನೊಂದು ಮಾತಿನ ಕಥೆಯೂ ಹಿಡಿತಕ್ಕೆ ಬರುತ್ತದೆ.

ವಯಸ್ಸಿನ ಮಾತು ಬಂದರೆ, ಜೂನ್ 1ಕ್ಕೆ ಆರು ತುಂಬಿದ ಮಗುವಿಗಷ್ಟೇ ಒಂದನೇ ತರಗತಿ ಎಂಬ 2022ರ ಆದೇಶ 2025-26ರಿಂದ ಜಾರಿಯಾಗಬೇಕಿತ್ತು. ಪಾಲಕರ ಗದ್ದಲಕ್ಕೆ ಆ ಒಂದು ವರ್ಷದ ಮಟ್ಟಿಗೆ 5 ವರ್ಷ 5 ತಿಂಗಳಿಗೆ ಸಡಿಲವಾಯಿತು. ಹಿಂದೆಲ್ಲ ಈ ತಂಟೆ ಇರಲಿಲ್ಲ. ಹೆಡ್‌ಮಾಸ್ತರರು ಮಗುವಿನ ಕೈ ತಲೆಯ ಮೇಲಿಂದ ಹಾಯಿಸಿ ಕಿವಿ ಮುಟ್ಟಿಸಿ, ಮುಟ್ಟಿದರೆ ಹುಟ್ಟಿದ ದಿನ ಜೂನ್ 1 ಅಂತ ಬರೆದುಬಿಡುತ್ತಿದ್ದರು. ಜಿಲ್ಲೆಯ ಅರ್ಧ ಅಜ್ಜಂದಿರ ಹುಟ್ಟುಹಬ್ಬ ಈಗಲೂ ಅವತ್ತೇ ಬರುತ್ತದೆ.