ಸಂಸ್ಥೆ ಅಳಿದರೂ ಉಳಿದ ಲೋಟ

ಅಮೆರಿಕದ ಮೇನಾರ್ಡ್ ಪಟ್ಟಣದ ಹಳೆಯ ಉಣ್ಣೆ ಗಿರಣಿಯಲ್ಲಿ 1957ರಲ್ಲಿ ಆರಂಭವಾದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಗಣಕಯಂತ್ರ ಸಂಸ್ಥೆ ಒಂದು ಕಾಲಕ್ಕೆ ಲಕ್ಷಕ್ಕೂ ಹೆಚ್ಚು ಮಂದಿಗೆ ಅನ್ನ ನೀಡಿತ್ತು. 1998ರಲ್ಲಿ ಕಾಂಪ್ಯಾಕ್ ಅದನ್ನು ಕೊಂಡಿತು. 2002ರಲ್ಲಿ ಕಾಂಪ್ಯಾಕ್ ತಾನೇ ಎಚ್‌ಪಿಯಲ್ಲಿ ಲೀನವಾಯಿತು. ಇಂದು ಉಳಿದಿರುವುದು ಮಾಜಿ ನೌಕರರ ಮನೆಗಳಲ್ಲಿನ ಲೋಟ, ಅಂಗಿ, ಗುರುತುಬಿಲ್ಲೆಗಳು.

ಇವನ್ನು ಬರಿಯ ಮೋಹದ ವಸ್ತುಗಳೆಂದು ನಾವು ತಳ್ಳಿಹಾಕಲಾರೆವು. ಏಳು ಚೌಕಗಳಲ್ಲಿ ಏಳು ಇಂಗ್ಲಿಷ್ ಅಕ್ಷರಗಳಿದ್ದ ಸಂಸ್ಥೆಯ ಲಾಂಛನ ಬಹುಕಾಲ ನೀಲಿಯಾಗಿತ್ತು. 1990ರ ದಶಕದಲ್ಲಿ ಕಡುಗೆಂಪಾಯಿತು. ಹಾಗಾಗಿ ಇಸವಿಯಿಲ್ಲದ ಲೋಟದ ಕಾಲವನ್ನೂ ಬಣ್ಣ ಸೂಚಿಸಬಲ್ಲದು. ಆದರೆ ಅದನ್ನು ಯಾರು, ಯಾವ ಕೆಲಸಕ್ಕಾಗಿ ಪಡೆದರು? ಅದನ್ನು ಬಣ್ಣ ಹೇಳದು. ಪಡೆದವರೇ ಹೇಳಬೇಕು, ಅವರಿಗೋ ವಯಸ್ಸಾಗುತ್ತಿದೆ. ಮುಚ್ಚಿದ ಶಾಲೆಗಳ ಹಾಜರಿ ಪುಸ್ತಕ ಹುಡುಕಿ ಬಲ್ಲ ನಮಗೆ ಈ ಆತಂಕ ಹೊಸದಲ್ಲ. ಲೋಟದ ತಳಕ್ಕೊಂದು ಚೀಟಿ ಅಂಟಿಸಿ ಹೆಸರು, ಇಸವಿ, ಸಂದರ್ಭ ಬರೆದರೆ ಅದು ದಾಖಲೆಯಾಗುತ್ತದೆ.